ಪಾಪುವಿನ ಜಡೆಯ ವಿಷಯ

ತಿಪಟೂರು, ಭಾನುವಾರ

ಪ್ರೀತಿಯ ಪುಟ್ಟಿ,

ರಕ್ತಪರೀಕ್ಷೆ, ಡಾಕ್ಟರು, ಸಂಧಿವಾತ ಅಂತ ಗೊತ್ತಾದದ್ದು, ಎಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಬಿಡು. ಕಾಗದದ ಕೊನೆಯಲ್ಲಿ ಬರೆದಿದ್ದೀಯಲ್ಲ, "ಬೆಳಿಗ್ಗೆ ಪಾಪುಗೆ ಜಡೆ ಹಾಕೋಕೆ ಬೆರಳು ಬಗ್ಗಲ್ಲ ದೊಡ್ಡಮ್ಮ. ದೊಡ್ಡವಳಾದ ಮೇಲೆ ಅವಳು ನನ್ನನ್ನ ಬರೀ ಕಾಯಿಲೆಯವಳು ಅಂತ ನೆನೆಸಿಕೊಳ್ತಾಳಾ?" ಅಂತ. ಅದನ್ನು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನನಗೂ ಅದೇ ಭಯ ಇತ್ತು. ಯಾರ ಹತ್ತಿರವೂ ಹೇಳಿರಲಿಲ್ಲ.

1989ರಲ್ಲಿ ನನಗೂ ಇದೇ ಸಂಧಿವಾತ ಶುರುವಾದಾಗ ನಿನ್ನ ಅಣ್ಣನಿಗೆ ಆರು ವರ್ಷ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಬಿಗಿ ಬಿಡಲು ಒಂದೂವರೆ ಗಂಟೆ ಬೇಕಿತ್ತು. ಅದಕ್ಕೇ ನಾಲ್ಕಕ್ಕೆ ಎದ್ದು ಬಚ್ಚಲ ಒಲೆ ಹೊತ್ತಿಸುತ್ತಿದ್ದೆ. ಕಡ್ಡಿ ಗೀರುವುದಕ್ಕೇ ನಾಲ್ಕೈದು ಸಲ ಆಗುತ್ತಿತ್ತು. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕತ್ತಲಲ್ಲೇ ಕೂರುತ್ತಿದ್ದೆ. ಮನೆಯವರು ಏಳುವ ಹೊತ್ತಿಗೆ ಏನೂ ಆಗಿಲ್ಲ ಅನ್ನುವ ಹಾಗೆ ಕಾಫಿ ಸೋಸುತ್ತಿದ್ದೆ. ಮಗ ನನ್ನನ್ನು ರೋಗಿಷ್ಟೆ ಅಂದುಕೊಳ್ಳಬಾರದಲ್ಲ, ಅದಕ್ಕೆ.

ಒಂದು ಅಷ್ಟಮಿಯ ಹಿಂದಿನ ದಿನ ಚಕ್ಕುಲಿ ಒರಳಿಗೆ ಹಿಟ್ಟು ತುಂಬಿದ್ದೆ. ಎಷ್ಟು ಒತ್ತಿದರೂ ಒಂದು ಎಳೆ ಇಳಿಯಲಿಲ್ಲ. ಮಣಿಕಟ್ಟು ಸುಡುತ್ತಿತ್ತು. ಪಕ್ಕದಲ್ಲೇ ಕೂತಿದ್ದ ಮಗು "ಅಮ್ಮ, ಇನ್ನೂ ಒಂದೂ ಆಗಿಲ್ವಾ?" ಅಂತ ಕೇಳಿತು. ಒರಳನ್ನು ನೆಲಕ್ಕೆ ಕುಕ್ಕಿದೆ. ಬೈದು ಹೊರಗೆ ಅಟ್ಟಿ ಅಡುಗೆಮನೆ ಬಾಗಿಲು ಹಾಕಿಕೊಂಡೆ. ಮಾರನೇ ವರ್ಷ ಅವನು ಚಕ್ಕುಲಿ ಕೇಳಲೇ ಇಲ್ಲ.

ಈಗ ಅವನಿಗೆ ನಲವತ್ತು ದಾಟಿದೆ. ಹೋದ ವರ್ಷ ಮಾತಿಗೆ ಮಾತು ಬಂದು ಅಂದ, "ಚಿಕ್ಕಂದಿನಲ್ಲಿ ನಾನು ಅಂದ್ರೆ ನಿನಗೆ ಯಾಕೋ ಸಿಟ್ಟು ಅಂದುಕೊಂಡಿದ್ದೆ." ಕಾಯಿಲೆ ಅವನ ನೆನಪಿನಲ್ಲೇ ಇಲ್ಲ ಪುಟ್ಟಿ. ಹಾಕಿಕೊಂಡ ಬಾಗಿಲು ಇದೆ.

ನಾನೇನು ಡಾಕ್ಟರಲ್ಲ, ಆದರೂ ಒಂದು ಹೇಳಿಬಿಡುತ್ತೇನೆ. ಯಾರೋ ಕೊಟ್ಟ ಪುಡಿ ನುಂಗಿದ್ದೆ. ಎರಡೇ ದಿನಕ್ಕೆ ನೋವು ಮಾಯ, ತಿಂಗಳಿಗೆ ಮುಖ ಊದಿಕೊಂಡಿತು. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು ಅಂತ ಆಮೇಲೆ ಡಾಕ್ಟರು ಹೇಳಿದರು. ಈ ಕಾಯಿಲೆಗೆ ಡಾಕ್ಟರು ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ನನಗೆ ಸಿಕ್ಕಿದ್ದು 1997ರಲ್ಲಿ. ಅಷ್ಟರಲ್ಲಿ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ನಿನಗೆ ಬೇಗ ಗೊತ್ತಾಗಿದೆ, ಅದೇ ನನಗೆ ದೊಡ್ಡ ಸಮಾಧಾನ. ಆದರೆ ಆ ಮಾತ್ರೆ ವಾರಕ್ಕೆ ಒಂದೇ ದಿನ, ದಿನಾ ಅಲ್ಲ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟು ಇಟ್ಟುಕೋ, ನಾನು ಹಾಗೇ ಮಾಡುತ್ತೇನೆ. ಇನ್ನೊಂದು ಮಗು ಬೇಕು ಅಂತಿದ್ದರೆ ಮೊದಲೇ ಡಾಕ್ಟರಿಗೆ ಹೇಳು, ಬಸಿರಿನಲ್ಲಿ ಅದು ಆಗದು. ಜಾಸ್ತಿ ಹೇಳಿದೆನೇನೋ, ಬೇಜಾರು ಮಾಡಿಕೊಳ್ಳಬೇಡ.

ಮತ್ತೆ ಜಡೆ. ರಾತ್ರಿ ಹೊತ್ತಿಗೆ ಬೆರಳು ಸ್ವಲ್ಪ ಸಡಿಲ ಇರುತ್ತದಲ್ವಾ? ಮಲಗುವ ಮುಂಚೆ ಹಾಕಿಬಿಡು. ಅದೂ ಆಗದ ದಿನ ಅವಳ ಅಪ್ಪ ಹಾಕಲಿ, ಸೊಟ್ಟ ಆದರೂ ಪರವಾಗಿಲ್ಲ. ಆದರೆ ಆ ಹೊತ್ತಿನಲ್ಲಿ ನೀನು ರೂಮು ಸೇರಿಕೊಳ್ಳಬೇಡ. ಅವಳ ಪಕ್ಕದಲ್ಲೇ ಕೂರು. "ಇವತ್ತು ಅಮ್ಮನ ಬೆರಳು ನೋಯ್ತಿದೆ, ನಿನ್ನ ಮೇಲೆ ಸಿಟ್ಟಿಲ್ಲ" ಅಂತ ಬಾಯಿಬಿಟ್ಟು ಹೇಳು. ಅಷ್ಟು ಹೇಳೋಕೆ ನನ್ನಿಂದ ಆಗಲಿಲ್ಲ. ಅವಳು ಏನು ನೆನಪಿಟ್ಟುಕೊಳ್ಳುತ್ತಾಳೋ ನಾನು ಹೇಗೆ ಹೇಳಲಿ? ನನ್ನ ಮಗನ ನೆನಪಿನಲ್ಲಿ ಉಳಿದದ್ದು ಮಾತ್ರ ನನಗೆ ಗೊತ್ತು.

ಈ ಸಲ ಅಷ್ಟಮಿಗೆ ಪಾಪುನ ಕರೆದುಕೊಂಡು ಬಾ. ಒರಳು ಅಟ್ಟದ ಮೇಲಿದೆ, ತೊಳೆಸಿ ಇಡುತ್ತೇನೆ. ನಿನ್ನ ಅಣ್ಣನೂ ಬರುತ್ತಾನಂತೆ. ಅವನು ಒತ್ತಲಿ. ನಾನೂ ನೀನೂ ಪಕ್ಕದಲ್ಲಿ ಕೂತು ಹಿಟ್ಟು ಉಂಡೆ ಮಾಡಿ ಕೊಡೋಣ.

ನಿನ್ನ
ದೊಡ್ಡಮ್ಮ