ಕ್ಲ್ಯಾಟ್ (ಕಾನೂನು ಕಾಲೇಜು ಪ್ರವೇಶ ಪರೀಕ್ಷೆ) ಗುಂಪಿಗೆ: ಭಾನುವಾರದ ಅಭ್ಯಾಸ

ಭಾನುವಾರ ಬೆಳಿಗ್ಗೆ 10ಕ್ಕೆ ರಾಯಚೂರಿನ ಮಾಮೂಲಿ ಜಾಗದಲ್ಲೇ ಸೇರೋಣ. ಲಾಜಿಕಲ್ ರೀಸನಿಂಗ್ (ವಾದ ಸರಿಯೋ ತಪ್ಪೋ ಎಂದು ತೂಗುವ ಭಾಗ) ಮಾತ್ರ. ಬರುವ ಮುಂಚೆ ಇದನ್ನು ನೋಡಿ:

‘ಡ್ಯಾಂ ತುಂಬಿದರೆ ಸಿಂಧನೂರಿನಲ್ಲಿ ಭತ್ತ ಚೆನ್ನಾಗಿ ಬರುತ್ತದೆ. ಈ ಸಲ ಭತ್ತ ಚೆನ್ನಾಗಿ ಬಂದಿದೆ. ಹಾಗಾಗಿ ಡ್ಯಾಂ ತುಂಬಿರಲೇಬೇಕು.’

ಸರಿ ಅನಿಸುತ್ತದೆ ಅಲ್ವಾ? ಆದರೆ ತಪ್ಪು. ಒಳ್ಳೆ ಮಳೆಯಿಂದಲೋ ಬೋರ್‌ವೆಲ್ ನೀರಿನಿಂದಲೋ ಬಂದಿರಬಹುದು. ಮೊದಲ ಮಾತನ್ನು ತಿರುಗಿಸಿ ಓದುವಂತಿಲ್ಲ. ಮೊದಲೆರಡು ಮಾತು ನಿಜವೆಂದೇ ಇಟ್ಟುಕೊಳ್ಳಿ, ಜಗಳವೇನಿದ್ದರೂ ತೀರ್ಮಾನದ ಜೊತೆ. (ಸಿಂಧನೂರಿನವರು ನೀರಿನ ಲೆಕ್ಕ ತೆಗೆದು ವಾದಕ್ಕೆ ನಿಲ್ಲಬೇಡಿ!) ‘ಎಲ್ಲ’, ‘ಮಾತ್ರ’, ‘ಇರಲೇಬೇಕು’ ಕಂಡಲ್ಲಿ ಗೆರೆ ಎಳೆಯಿರಿ.

ಪರೀಕ್ಷೆಯಲ್ಲಿ ಎರಡು ಗಂಟೆಯೊಳಗೆ 120 ಪ್ರಶ್ನೆ, ತಪ್ಪಿಗೆ 0.25 ಅಂಕ ಕಟ್. ಸುಮ್ನೆ ಊಹಿಸಿದರೆ ಹೆಚ್ಚೇನೂ ಲಾಭವಿಲ್ಲ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.