ಶಿಬಿರದಲ್ಲಿ ನಿಲ್ಲಿಸಿಯೂ ಬಿಪಿ ನೋಡಿ

ಮಾನ್ಯ ಸಂಪಾದಕರೇ,

ಮುಂಬಯಿಯ ಕನ್ನಡ ಸಂಘಗಳ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಹೆಂಗಸರನ್ನು ಕುರ್ಚಿಯಲ್ಲಿ ಕೂರಿಸಿ, ಒಂದೇ ಸಲ ಬಿಪಿ ನೋಡಿ ಕಳಿಸಿಬಿಡುವುದು ಹೆಚ್ಚು. ಮುಟ್ಟಿನ ಹೊತ್ತಿಗೆ ತಲೆ ಸುತ್ತುತ್ತದೆ, ಎದೆ ಡವಡವ ಅನ್ನುತ್ತದೆ ಎಂದರೆ ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಉತ್ತರ. ಇದು ಬರೀ ಟೆನ್ಷನ್ ಅಲ್ಲ.

ಎದೆಬಡಿತ, ರಕ್ತದೊತ್ತಡ, ಬೆವರು, ಕರುಳಿನ ಚಲನೆ ಎಲ್ಲವನ್ನೂ ನಮಗರಿವಿಲ್ಲದೆ ನಡೆಸುವುದು ಸ್ವಾಯತ್ತ ನರಮಂಡಲ. ಸಿಂಪಥೆಟಿಕ್ ನರಗಳು ಬಡಿತ ಏರಿಸಿದರೆ ವೇಗಸ್ ನರ ಇಳಿಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರಿ ಮೈಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚುತ್ತದೆ. ವೇಗಸ್ ಹಿಡಿತ ತುಸು ಸಡಿಲಾಗಿ, ಹಲವರಲ್ಲಿ ನಾಡಿ ನಿಮಿಷಕ್ಕೆ 2ರಿಂದ 4 ಬಡಿತ ಮೇಲೇರುತ್ತದೆ. ಮುಟ್ಟಾದ ಮೇಲೆ ಅದು ಇಳಿಯುತ್ತದೆ; ಆದರೆ ಮೊದಲೆರಡು ದಿನದ ಕಾಟವೇ ಬೇರೆ. ಗರ್ಭಕೋಶವನ್ನು ಹಿಂಡುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಕರುಳನ್ನೂ ಕೆಣಕಿ ಭೇದಿ ಮಾಡಿಸುತ್ತದೆ. ನೋವು ಕಿತ್ತು ಬಂದರೆ ಕೆಲವರಲ್ಲಿ ವೇಗಸ್ ಒಮ್ಮೆಲೇ ಜೋರಾಗುತ್ತದೆ: ಬಡಿತ ನಿಧಾನ, ರಕ್ತನಾಳ ಸಡಿಲ, ತಣ್ಣನೆ ಬೆವರು, ಕಣ್ಣಿಗೆ ಕತ್ತಲೆ.

ಈ ಸ್ಥಿತಿಯಲ್ಲಿ ಬೆಳಗಿನ ಡೊಂಬಿವಲಿ ಲೋಕಲ್ ರೈಲಿನಲ್ಲಿ ಹಿಡಿಕೆ ಹಿಡಿದು ಅಲುಗಾಡದೆ ನಿಲ್ಲುವುದನ್ನು ಊಹಿಸಿ. ನಿಂತ ಕೂಡಲೇ ಅರ್ಧ ಲೀಟರಿಗೂ ಮಿಕ್ಕಿದ ರಕ್ತ ಕೆಳಗಿಳಿಯುತ್ತದೆ. ಮೀನಖಂಡ ಕೆಲಸ ಮಾಡದಿದ್ದರೆ ಅದು ಮೇಲಕ್ಕೆ ಮರಳುವುದು ಕಷ್ಟ. ಕಣ್ಣು ಮಂಜಾಗುತ್ತಲೇ ಕಾಲಿಗೆ ಕಾಲು ಹೆಣೆದು ತೊಡೆ, ಪೃಷ್ಠ ಬಿಗಿಯಬೇಕು, ಮುಷ್ಟಿ ಬಿಗಿಹಿಡಿಯಬೇಕು. ಪ್ರಜ್ಞೆ ತಪ್ಪಿದವರನ್ನು ಗುಂಪು ಎತ್ತಿ ನಿಲ್ಲಿಸಿ ಹಿಡಿದುಕೊಳ್ಳುವುದೇ ದೊಡ್ಡ ತಪ್ಪು, ಮಿದುಳಿಗೆ ಸಾಕಷ್ಟು ರಕ್ತ ಹೋಗುವುದಿಲ್ಲ. ಜಾಗ ಬಿಟ್ಟು ಮಲಗಿಸಿ, ಕಾಲು ಎತ್ತಿ ಹಿಡಿಯಿರಿ; ಎಚ್ಚರಾಗುವವರೆಗೆ ಬಾಯಿಗೆ ನೀರು ಬೇಡ.

ಶಿಬಿರದವರಲ್ಲಿ ನಮ್ಮ ಕೋರಿಕೆ ಇಷ್ಟೇ. ಇಂಥ ದೂರು ಹೇಳಿದವರನ್ನು 5 ನಿಮಿಷ ಮಲಗಿಸಿ ಬಿಪಿ, ನಾಡಿ ಬರೆದುಕೊಳ್ಳಿ. ನಿಲ್ಲಿಸಿ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ನಡುವೆ ಕೂರಿಸಿದರೆ, ಗೋಡೆಗೆ ಒರಗಲು ಬಿಟ್ಟರೆ ಇಳಿತ ಕಾಣದೇ ಹೋಗಬಹುದು. ತೋಳು ಜೋತುಬಿದ್ದಿದ್ದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ, ಆದ್ದರಿಂದ ಎದೆಮಟ್ಟಕ್ಕೆ ಆನಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತೋರಿಸಬೇಕು. ಬಿಪಿ ಇಳಿಯದೆ ನಾಡಿ ಮಾತ್ರ 10 ನಿಮಿಷದೊಳಗೆ 30 ಏರಿ ಹಾಗೇ ನಿಂತರೂ ತೋರಿಸಬೇಕು.

ಜೊತೆಗೆ ಕಾರ್ಡಿನಲ್ಲಿ ಕಡೆಯ ಮುಟ್ಟಿನ ತಾರೀಖು ಬರೆಸಿ. ಎರಡು ಮೂರು ತಿಂಗಳು ಬೆಳಗ್ಗೆ ಹಾಸಿಗೆ ಬಿಡುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುವಂತೆ ಹೇಳಿ. ಅಂಡ ಬಿಡುಗಡೆಯ ದಿನವನ್ನು ಮುಂದಿನ ಮುಟ್ಟಿನಿಂದ ಸುಮಾರು 14 ದಿನ ಹಿಂದಕ್ಕೆ ಎಣಿಸಬೇಕು, ಏಕೆಂದರೆ ಹೆಚ್ಚು ಏರುಪೇರಾಗುವುದು ಋತುಚಕ್ರದ ಮೊದಲರ್ಧದ ದಿನಗಳೇ.

ಹಾರ್ಮೋನಿನ ಮೇಲೆ ಎಲ್ಲವನ್ನೂ ಹೊರಿಸುವುದೂ ಸರಿಯಲ್ಲ. ರಕ್ತಹೀನತೆಯಲ್ಲೂ ಹೀಗೇ ಎದೆ ಬಡಿದುಕೊಳ್ಳುತ್ತದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಮೊದಲು ಅದಕ್ಕೆ ಮದ್ದಾಗಲಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ.

– ಶುಶ್ರೂಷಕಿಯರು, ಡೊಂಬಿವಲಿ