ನೇಮ್‌ಪ್ಲೇಟ್ ಅಂಗಡಿಯ ಕಾಕಾ ಅವರಿಗೆ

ವಿಜಯಪುರದ ಗಾಂಧಿ ಚೌಕದ ಹತ್ತಿರ ನಿಮ್ಮದೊಂದು ಸಣ್ಣ ಅಂಗಡಿ. ಹೆಸರು ಕೇಳಬೇಕು ಅಂತ ನೆನಪಾಗಿದ್ದು ಬಸ್ ಹತ್ತಿದ ಮೇಲೆ. ಹೇಗಾದರೂ ಈ ಮಾತು ನಿಮಗೆ ಮುಟ್ಟಲಿ.

ಪ್ರದರ್ಶನ ವಿನ್ಯಾಸದ ಪ್ರಾಜೆಕ್ಟ್‌ಗೆ ಗೋಲ ಗುಮ್ಮಟವನ್ನು ನಡುವೆ ಸೀಳಿದಂತೆ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಲಗೆಯಲ್ಲಿ ಲೇಸರ್‌ನಿಂದ ಕೆತ್ತಿ ತೋರಿಸಬೇಕಿತ್ತು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. 1:200 ಅಳತೆಗೆ ಇಳಿಸಿದರೆ 22 ಸೆಂಟಿಮೀಟರ್. ಕೆಳಗೆ ಒಂದಕ್ಕೊಂದು ಹೆಣೆದ ಕಮಾನುಗಳೂ ಕಾಣಬೇಕು. ಬೇರೆ ಕಡೆ ಮಾಡಿಸಿದ ಮೊದಲ ಮಾದರಿಯಲ್ಲಿ ಗೆರೆಗಳು ಕಾಣಲೇ ಇಲ್ಲ.

ನೀವು ಆ ತುಂಡನ್ನು ಬೆಳಕಿಗೆ ಹಿಡಿದಿರಿ. "ತಂಗಿ, ಶೀಟ್ ತಪ್ಪೈತಿ. ಕೆತ್ತಾಕ ಕಾಸ್ಟ್ ಅಕ್ರಿಲಿಕ್ ಬೇಕು. ಅದರಾಗ ಗೆರಿ ಬೆಳ್ಳಗ ಏಳ್ತಾವ" ಅಂದಿರಿ. ನಿಜ. ಯಂತ್ರದಲ್ಲಿ ಒತ್ತಿ ಹೊರತೆಗೆದ ಎಕ್ಸ್‌ಟ್ರೂಡೆಡ್ ಶೀಟ್ ಲೇಸರ್ ತಾಗಿದ ಕಡೆ ಸುಮ್ನೆ ಕರಗುತ್ತದೆ. ಅಚ್ಚಿಗೆ ಹೊಯ್ದು ಮಾಡಿದ ಕಾಸ್ಟ್ ಶೀಟ್ ಮಂಜು ಹಿಡಿದ ಹಾಗೆ ಬಿಳಿಯಾಗುತ್ತದೆ.

ಚಿತ್ರವನ್ನು ಉಲ್ಟಾ ಮಾಡಿ ಹಿಂಬದಿಯಿಂದ ಕೆತ್ತಿದಿರಿ. ಮುಂಭಾಗ ನುಣುಪಾಗಿಯೇ ಉಳಿಯಿತು. ನಾನು ಸ್ಪಿರಿಟ್ ಹಚ್ಚಿ ಒರೆಸಲು ಹೋದೆ, ತಡೆದಿರಿ. ಲೇಸರ್ ಕತ್ತರಿಸಿದ ಅಂಚಿಗೆ ಸ್ಪಿರಿಟ್ ತಾಗಿದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ ಅಂತ ಆಮೇಲೆ ತಿಳಿಯಿತು. ಸಾಬೂನು ನೀರು, ಮೆತ್ತಗಿನ ಬಟ್ಟೆ, ಅಷ್ಟೇ ಸಾಕು.

ಕೊನೆಗೆ ಅಂಚಿಗೆ ಎಲ್‌ಇಡಿ ಪಟ್ಟಿ ಇಟ್ಟು ಅಂಗಡಿಯ ದೀಪ ಆರಿಸಿದಿರಿ. ಹಲಗೆ ಕತ್ತಲಲ್ಲಿ ಮಾಯವಾಗಿ ಗುಮ್ಮಟದ ಗೆರೆಗಳಷ್ಟೇ ಹೊಳೆದವು. ನನಗೆ ಮಾತೇ ಹೊರಡಲಿಲ್ಲ.

ಶೀಟಿನ ದುಡ್ಡಿಗಿಂತ ಜಾಸ್ತಿ ನೀವು ಮುಟ್ಟಲಿಲ್ಲ. ನಿಮ್ಮ ಊಟದ ಡಬ್ಬಿ ಮಧ್ಯಾಹ್ನ ಮೂರಾದರೂ ಮುಚ್ಚಿಯೇ ಇತ್ತು. ಕಾಕಾ, ಮಾದರಿಗೆ ಒಂದು ಗೀರೂ ಬೀಳದೆ ಕಾಲೇಜು ತಲುಪಿತು. ನಿಮಗೆ ತುಂಬಾ ಧನ್ಯವಾದ.